ಕುಡಿತ ಬಿಟ್ಟವರ ದ್ರಾಕ್ಷಿ ಬಳ್ಳಿ

ನನ್ನ ಗಂಡ ಕುಡಿತ ಬಿಟ್ಟು ಮಣಿಪಾಲದ ವಾರ್ಡಿನಿಂದ ಮನೆಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ದ್ರಾಕ್ಷಿ ಬಳ್ಳಿ ನೆಟ್ಟದ್ದು. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸುತ್ತಾರೆ. ಕೈಗೆ ಏನಾದರೂ ಕೆಲಸ ಇರಲಿ, ಸಂಜೆ ಹೊತ್ತು ಸುಮ್ಮನೆ ಕೂರಬೇಡಿ ಎಂದು ಅಲ್ಲಿಯ ಡಾಕ್ಟರು ಹೇಳಿ ಕಳಿಸಿದ್ದರು. ನಾನು ಮಲ್ಲಿಗೆ ಬೆಳೆಸುತ್ತಾರೆ ಅಂದುಕೊಂಡಿದ್ದೆ. ಇವರಂಥ ಕಾಪು ಕಡೆಯವರಿಗೆ ಮಲ್ಲಿಗೆಯ ಕೆಲಸವನ್ನು ಯಾರೂ ಕಲಿಸಬೇಕಾಗಿಲ್ಲ. ಅದು ಬೇಡವೆಂದರೆ ಕಾಳುಮೆಣಸಿತ್ತು, ವೀಳ್ಯದೆಲೆಯಿತ್ತು, ಕೊನೆಗೆ ಬಸಳೆಯಾದರೂ ಇತ್ತು. ಲೋಕದಲ್ಲಿ ಇಷ್ಟೊಂದು ಬಳ್ಳಿಗಳಿರುವಾಗ ಇವರಿಗೆ ಬೇಕಾದದ್ದು ದ್ರಾಕ್ಷಿ.

"ತಿನ್ನಲಿಕ್ಕೆ ಮಾರಾಯ್ತಿ," ಎಂದರು.

ನಾನು ಪಾತ್ರೆ ತೊಳೆಯುವ ಸದ್ದಿನಲ್ಲೇ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ನಮ್ಮ ಮನೆಯವರು ಹೇಳುವುದುಂಟು. ಆ ವರ್ಷಗಳಲ್ಲಿ ಮೂಗಿನ ತುದಿಯಲ್ಲಿ ಇನ್ನೊಂದು ಕೆಲಸವೂ ಇತ್ತು, ವಾಸನೆ ಹಿಡಿಯುವುದು. ಕಾರ್ಕಳದ ಶಾಲೆಯಲ್ಲಿ ಕನ್ನಡ ಪಾಠ ಮಾಡಿ, ಬಸ್ಸಿನಲ್ಲಿ ಕುಲುಕಾಡಿಕೊಂಡು ಉಡುಪಿಗೆ ಬಂದು, ಅಂಬಲಪಾಡಿಯ ನಮ್ಮ ಮನೆಯ ಗೇಟು ತೆಗೆಯುವಾಗಲೇ ಮೂಗು ಚುರುಕಾಗುತ್ತಿತ್ತು. ಒಗೆಯಲು ಹಾಕಿದ ಅಂಗಿ, ಮುಖ ಒರೆಸಿದ ಬೈರಾಸು, ಸ್ಕೂಟರಿನ ಡಿಕ್ಕಿ, ಎಲ್ಲವನ್ನೂ ಮೂಸುತ್ತಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನು ಮಾಡಿ ಏನೂ ಇಲ್ಲದ ವಿಷಯಕ್ಕೆ ಮಾತಾಡಿಸುತ್ತಿದ್ದೆ, ನಾಲಿಗೆ ಎಡವುತ್ತದೆಯೋ ಎಂದು ಕೇಳಿಸಿಕೊಳ್ಳಲು. ಎಡವಿದ್ದು ಒಮ್ಮೆಯೂ ಇಲ್ಲ. ಆದರೂ ಮನಸ್ಸು ಒಂದು ಕಡೆ ಕೂರುತ್ತಿರಲಿಲ್ಲ.

ಇವರು ಹದಿನಾಲ್ಕು ವರ್ಷ ಗಲ್ಫಿನಲ್ಲಿ ಏಸಿ ರಿಪೇರಿ ಮಾಡಿದವರು. ಪೈಪು ಬಗ್ಗಿಸುವುದು, ತಂತಿ ಎಳೆಯುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಬಾವಿಕಟ್ಟೆಯ ಪಕ್ಕ ಹೊಂಡ ತೆಗೆದು ಬಳ್ಳಿ ನೆಟ್ಟು, ಅದು ಗೋಡೆಗುಂಟ ತಾರಸಿಗೆ ಹತ್ತುವಂತೆ ದಾರಿ ಮಾಡಿ, ಮೇಲೆ ಕಬ್ಬಿಣದ ಪೈಪಿನ ಚಪ್ಪರ ಹಾಕಿದರು. ನಮ್ಮದು ಮರಳಿನಂಥ ಹೊಯಿಗೆ ಮಣ್ಣು, ಸಾರವಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಕಡಲತೀರದ ಹೂಡೆಯಿಂದ ಒಣಮೀನಿನ ಗೊಬ್ಬರ ತಂದು ಸುರಿದರು. ಮನೆಯ ಸುತ್ತ ಮೂಗು ಬಿಡಲಾಗದಂತಹ ನಾತ. ಪಕ್ಕದ ಮನೆಯವರಿಗೆ ಅದು ಬರೀ ಮೀನಿನ ನಾತ. ನನಗೆ ಮಾತ್ರ, ಈ ನಾತದ ಅಡಿಯಲ್ಲಿ ಇನ್ನೊಂದು ವಾಸನೆಯನ್ನು ಅಡಗಿಸಲಿಕ್ಕೇ ಇವರು ಇದನ್ನು ತಂದರೋ ಎಂಬ ಸಂಶಯ. ಒಮ್ಮೆ ಸಂಶಯ ಹೊಕ್ಕ ಮನೆಯಲ್ಲಿ ಗೊಬ್ಬರಕ್ಕೂ ಮರ್ಯಾದೆ ಇರುವುದಿಲ್ಲ.

ಬಳ್ಳಿ ಮಾತ್ರ ಸೊಕ್ಕಿ ಬೆಳೆಯಿತು. ಮರುವರ್ಷದ ಬೇಸಗೆಯ ಹೊತ್ತಿಗೆ ಚಪ್ಪರದ ತುಂಬ ಅಂಗೈಯಗಲದ ಎಲೆ, ಕೆಳಗೆ ತಂಪು ನೆರಳು. ನಾನೂ ಒಂದೆರಡು ಸಲ ಅಲ್ಲಿ ಕುರ್ಚಿ ಹಾಕಿಕೊಂಡು ಉತ್ತರಪತ್ರಿಕೆ ತಿದ್ದಿದ್ದೇನೆ. ಹೀಗಿರುವಾಗ ಎಪ್ರಿಲಿನಲ್ಲಿ ಒಂದು ದಿನ ಮನೆಗೆ ಬಂದು ನೋಡುತ್ತೇನೆ, ಚಪ್ಪರ ಬೋಳು. ಎಲೆಯಿಲ್ಲ, ಬಳ್ಳಿಯಿಲ್ಲ. ದಪ್ಪ ಕಾಂಡ ಮತ್ತು ಅದರ ಎರಡು ತೋಳು, ತೋಳಿನ ಮೇಲೆ ಬೆರಳಷ್ಟುದ್ದದ ಮೋಟುಗಳು ಮಾತ್ರ ಉಳಿದಿದ್ದವು.

ಇದಕ್ಕೆ ಚಾಟ್ನಿ ಎನ್ನುತ್ತಾರಂತೆ. ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರ ವಿಡಿಯೋವನ್ನು ಇವರು ಫೋನಿನಲ್ಲಿ ನೋಡಿದ್ದರು. ಎಪ್ರಿಲಿನಲ್ಲಿ ಎಲ್ಲವನ್ನೂ ಕತ್ತರಿಸಬೇಕು. ಹೊಸ ಚಿಗುರು ಬರಬೇಕು. ಆ ಚಿಗುರಿನ ಕಣ್ಣುಗಳಲ್ಲಿ ಮುಂದಿನ ವರ್ಷದ ಗೊಂಚಲು ಈಗಲೇ, ಈ ಬಿಸಿಲಿನಲ್ಲೇ ಕೂಡಿಕೊಳ್ಳುತ್ತದೆ. ಬಿಸಿಲು ಸಿಗದ ಕಣ್ಣು ಬರೀ ಎಲೆ ಕೊಡುತ್ತದೆ. ಮಳೆ ಮುಗಿದ ಮೇಲೆ ಇನ್ನೊಮ್ಮೆ ಹಗುರವಾಗಿ ಕತ್ತರಿಸಿದರೆ ಹೂ, ಆಮೇಲೆ ಹಣ್ಣು. ವಿಜಯಪುರದವರಿಗೆ ಬಿಸಿಲು ಬೇಕಾದಷ್ಟುಂಟು. ನಮಗೆ ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಮುಗಿಯಿತು. ಆದ್ದರಿಂದ ಇಲ್ಲಿ ಎಪ್ರಿಲ್ ತಪ್ಪಿದರೆ ಇಡೀ ವರ್ಷ ತಪ್ಪಿದಂತೆ. ಇದನ್ನೆಲ್ಲ ಇವರು ನನಗೆ ಅನ್ನ ಬಡಿಸಿಕೊಳ್ಳುತ್ತಾ ವಿವರಿಸಿದರು. ಮದುವೆಯಾದಾಗಿನಿಂದ ಇವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅದಾಗಿ ಕೆಲವು ದಿನಕ್ಕೆ ಸಂಜೆ ತಾರಸಿಗೆ ಹೋದೆ. ಒಣಹಾಕಿದ ಬಟ್ಟೆ ತರಲು ಎಂದು ಹೆಸರಿಗೆ, ನಿಜಕ್ಕೆ ಪತ್ತೇದಾರಿ ಮಾಡಲು. ಇವರು ಚಪ್ಪರದ ಕೆಳಗೆ ಸ್ಟೂಲು ಹಾಕಿಕೊಂಡು ನಿಂತಿದ್ದರು. ಕೈಯಲ್ಲಿ ಅವರ ಅಪ್ಪನ ಕತ್ತಿ. ಒಂದೊಂದು ಮೋಟಿನ ಕೆಳಗೂ ಹಗ್ಗದಲ್ಲಿ ಕಟ್ಟಿದ ಪುಟ್ಟ ಪ್ಲಾಸ್ಟಿಕ್ ಲೋಟ, ಲೋಟದಲ್ಲಿ ಏನೋ ದ್ರವ.

ಇಲ್ಲಿ ಮಾವನ ವಿಷಯ ಹೇಳಬೇಕು. ನಾನು ಮದುವೆಯಾಗಿ ಬರುವಾಗ ಅವರು ಬದುಕಿದ್ದರು. ಕಾಪುವಿನಲ್ಲಿ ತೆಂಗಿನ ಮರದಿಂದ ಕಳ್ಳು ಇಳಿಸುತ್ತಿದ್ದವರು, ತಾವು ಒಂದು ತೊಟ್ಟು ಬಾಯಿಗೆ ಹಾಕಿದವರಲ್ಲ. ಹೊಂಬಾಳೆಯ ತುದಿಯನ್ನು ಬೆಳಗ್ಗೆ ಸಂಜೆ ಕಾಗದದಷ್ಟು ತೆಳ್ಳಗೆ ಕೆತ್ತಬೇಕು, ಕೆತ್ತದಿದ್ದರೆ ಗಾಯ ಮುಚ್ಚಿಕೊಂಡು ಹರಿವು ನಿಲ್ಲುತ್ತದೆ. ಆ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇದು ಅಕ್ಷರ ಕಲಿಯುವುದಕ್ಕಿಂತ ಮೊದಲೇ ಗೊತ್ತು. ದ್ರಾಕ್ಷಿಯನ್ನು ಬೇಸಗೆಯಲ್ಲಿ ಕತ್ತರಿಸಿದರೆ ಅದರ ಬಾಯಿಂದಲೂ ನೀರು ತೊಟ್ಟಿಕ್ಕುತ್ತದೆ. ಅದನ್ನು ಕಂಡದ್ದೇ ತಡ, ಇವರ ಕೈ ವಿಡಿಯೋವನ್ನು ಮರೆತು ಅಪ್ಪನ ಕಸುಬನ್ನು ನೆನಪು ಮಾಡಿಕೊಂಡಿತ್ತು. ದಿನಕ್ಕೆರಡು ಸಲ ಕೆತ್ತುತ್ತಿದ್ದರು.

"ಎಂತ ಇದು?" ಎಂದು ಕೇಳಿದೆ. ನನ್ನ ದನಿ ನನಗೇ ಹೆದರಿಕೆ ಹುಟ್ಟಿಸುವ ಹಾಗಿತ್ತು.

"ನೀರು ಬರ್ತಾ ಉಂಟು ನೋಡು."

"ಲೋಟ ಯಾಕೆ ಕಟ್ಟಿದ್ದೀರಿ?"

ಇವರು ಲೋಟವನ್ನು ನೋಡಿದರು, ಮೊದಲ ಸಲ ಕಂಡವರಂತೆ. "ಸುಮ್ಮನೆ. ಕೆಳಗೆ ಬಿದ್ದು ಹೋಗ್ತದಲ್ಲ."

"ಕೆತ್ತುವುದು ಯಾಕೆ?"

"ಬಾಯಿ ಮುಚ್ಚಬಾರದಲ್ವಾ. ಅಪ್ಪ ಹಾಗೇ ಮಾಡ್ತಿದ್ದದ್ದು."

ನಾನು ಲೋಟಗಳನ್ನೆಲ್ಲ ಕಿತ್ತು, ಅದರಲ್ಲಿದ್ದದ್ದನ್ನು ತಾರಸಿಯ ನೀರು ಹೋಗುವ ಪೈಪಿಗೆ ಸುರಿದೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಗಲ್ಫಿನ ಬಾಟಲಿ ಬಿಟ್ಟು ಈಗ ಬಳ್ಳಿಗೇ ಬಾಯಿ ಹಾಕಲಿಕ್ಕೆ ಹೊರಟಿರಾ ಎಂದೆ. ಇವರು ಸ್ಟೂಲಿನಿಂದ ಇಳಿದು, ಕತ್ತಿಯನ್ನು ಒರೆಸಿ, ಅದರ ಚರ್ಮದ ಒರೆಗೆ ಹಾಕಿ, ಕೆಳಗೆ ಹೋದರು. ಅವರು ತಿರುಗಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅದು ಬರೀ ನೀರೆಂದು ಆಮೇಲೆ ಫೋನಿನಲ್ಲಿ ಓದಿ ತಿಳಿದುಕೊಂಡೆ. ತಿಳಿದದ್ದನ್ನು ಅವರಿಗೆ ಹೇಳಲಿಲ್ಲ.

ದಿನದಿನವೂ ಗಾಯ ಕೆತ್ತಿಸಿಕೊಂಡ ಬಳ್ಳಿ ಚಿಗುರಲಿಕ್ಕೆ ತಡ ಮಾಡಿತು. ಮೋಟಿನಲ್ಲಿದ್ದ ಒಂದೊಂದು ಕಣ್ಣನ್ನೂ ಇವರ ಕತ್ತಿ ಸ್ವಲ್ಪ ಸ್ವಲ್ಪವಾಗಿ ತಿಂದು ಹಾಕಿತ್ತು. ಅಂತೂ ಚಿಗುರು ಬಂತೆನ್ನುವಾಗ ಮೋಡ ಮುಚ್ಚಿತು. ಎಳೆಯ ಎಲೆಗಳ ಮೇಲೆ ಮಳೆ ಹೊಡೆದು ಬೂಷ್ಟು ಹಿಡಿಯಿತು. ಮಳೆಗಾಲವಿಡೀ ಇವರು ಬಟ್ಟೆಯ ತುಂಡಿನಿಂದ ಎಲೆ ಒರೆಸುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಮುಂದಿನ ಮಾರ್ಚಿನಲ್ಲಿ ಸಿಕ್ಕಿದ್ದು ಒಂದು ಬುಟ್ಟಿಗೂ ಸಾಲದಷ್ಟು ಹಣ್ಣು, ಪಚ್ಚೆಯೂ ಅಲ್ಲದ ಕಪ್ಪೂ ಅಲ್ಲದ ಬಣ್ಣದ್ದು, ಹಲ್ಲು ಚುಳ್ಳೆನ್ನುವಷ್ಟು ಹುಳಿ. ತಿನ್ನಲಿಕ್ಕೆ ಎಂದು ನೆಟ್ಟದ್ದನ್ನು ಬಾವಲಿಯೂ ಪೂರ್ತಿ ತಿನ್ನಲಿಲ್ಲ.

ಆಗ ಬಂದವರು ಪಕ್ಕದ ಮನೆಯ ಬಾಯಮ್ಮ. ಕೊಂಕಣಿ ಕ್ರಿಶ್ಚನರು, ನನ್ನ ತಾಯಿಯ ಪ್ರಾಯದವರು, ಕ್ರಿಸ್ಮಸ್ಸಿಗೆ ಮನೆಯಲ್ಲೇ ವೈನು ಮಾಡಿ ನೆಂಟರಿಗೆ ಹಂಚುವವರು. ಕಂಪೌಂಡಿನ ಆಚೆಯಿಂದ ಬುಟ್ಟಿ ನೋಡಿ, "ಬಿಸಾಡಬೇಡಿ, ನನಗೆ ಕೊಡಿ, ಭರಣಿಗೆ ಹಾಕ್ತೇನೆ," ಎಂದರು. ನಾನು ಇವರ ಮುಖ ನೋಡಿದೆ. ಇವರು ಬುಟ್ಟಿ ಎತ್ತಿ ಗೋಡೆಯಾಚೆ ಕೊಟ್ಟು, ಕೈ ತೊಳೆದುಕೊಂಡರು.

ಮಳೆ ಶುರುವಾಗುವ ಮೊದಲು ಬಾಯಮ್ಮ ಫಲಿತಾಂಶ ಹೇಳಲು ಬಂದರು. ಸುತ್ತಿ ಬಳಸಿ ಮಾತಾಡುವವರಲ್ಲ. "ಬೇಜಾರು ಮಾಡಬೇಡಿ, ವೈನು ಆಗಲಿಲ್ಲ. ನೀರು ನೀರು ಉಂಟು. ಸಕ್ಕರೆ ಎಷ್ಟು ಹಾಕಿದ್ರೂ ಹಣ್ಣಿನಲ್ಲೇ ಇಲ್ಲದ್ದು ಎಲ್ಲಿಂದ ಬರಬೇಕು?"

"ನೀರು ಅಂದ್ರೆ ಹೇಗೆ?" ಇವರು ಕೇಳಿದರು. "ಹುಳಿ ಉಂಟಾ, ಇಲ್ವಾ? ಕುಡಿದ ಮೇಲೆ ಬಾಯಿ ಒಣಗ್ತದಾ?"

"ಅದೆಲ್ಲ ನನಗೆ ಎಂತ ಗೊತ್ತು. ಚೆನ್ನಾಗಿಲ್ಲ, ಅಷ್ಟೇ."

ಅವರು ಹೋದ ಮೇಲೂ ಇವರು ಅಲ್ಲೇ ನಿಂತಿದ್ದರು. ನನಗೆ ಒಳಗೊಳಗೆ ಸಂತೋಷವಾಯಿತು. ಇನ್ನು ಈ ಬಳ್ಳಿಯ ಹುಚ್ಚು ಬಿಟ್ಟೀತು ಎಂದುಕೊಂಡೆ. ಬದಲಿಗೆ ಅಂದಿನಿಂದ ಹುಚ್ಚು ಹೆಚ್ಚಾಯಿತು. ಆ ತನಕ ಇವರಿಗೆ ಬೇಕಿದ್ದದ್ದು ಒಂದು ಬಳ್ಳಿ. ಈಗ ಬೇಕಾದದ್ದು ಒಳ್ಳೆಯ ವೈನು ಕೊಡುವ ಹಣ್ಣು, ಅದೂ ತಾವು ಬಾಯಿಗೆ ಇಡಲಾಗದ ವೈನು. ಒಂದೇ ಒಂದು ಗುಟುಕು ಕುಡಿದರೂ ಈ ಮನುಷ್ಯ ಮತ್ತೆ ಹಳೆಯ ಗುಂಡಿಗೆ ಬೀಳುತ್ತಾರೆ ಎಂದು ವಾರ್ಡಿನಲ್ಲಿ ನನ್ನನ್ನು ಕೂರಿಸಿ ಹೇಳಿದ್ದರು. ಹಾಗಾಗಿ ಚಪ್ಪರದ ಮೇಲೆ ಏನೇ ಬೆಳೆದರೂ ನನ್ನ ಪಾಲಿಗೆ ಅದು ಆ ಗುಟುಕೇ.

ಬಾಯಮ್ಮ ಆ ಮಾತು ಹೇಳುವ ಹೊತ್ತಿಗೆ ಎರಡನೆಯ ವರ್ಷದ ಎಪ್ರಿಲ್ ಚಾಟ್ನಿ ಆಗಿ ಹೋಗಿತ್ತು. ಹುಳಿ ಹಣ್ಣು ಕಂಡಾಗಲೇ ಇವರು ಎಲ್ಲಿ ತಪ್ಪಾಯಿತೆಂದು ಲೆಕ್ಕ ಹಾಕಿದ್ದರು. ಆ ಎಪ್ರಿಲ್ ನನ್ನ ಕಣ್ಣ ಮುಂದೆ ಈಗಲೂ ಇದೆ. ಮೀನಿನ ಗೊಬ್ಬರ ಬಂದ್. ಕತ್ತರಿಸುವ ಮೊದಲು ಎರಡು ವಾರ ನೀರೂ ಬಂದ್. ಬಳ್ಳಿ ಬಾಡುವುದನ್ನು ನೋಡಲಾರದೆ ಇವರು ಬಾವಿಕಟ್ಟೆಗೆ ಹೋಗಿ ಕೊಡಪಾನ ತುಂಬಿಸಿ, ಮತ್ತೆ ನೀರನ್ನು ಬಾವಿಗೇ ಚೆಲ್ಲಿ ಬರುತ್ತಿದ್ದರು. ಅಪ್ಪನ ಕತ್ತಿಯನ್ನು ಕಾಪುವಿನ ಮನೆಗೆ, ಅಣ್ಣನ ಹತ್ತಿರ ಕೊಟ್ಟು ಬಂದರು. "ಇದು ಕೈಯಲ್ಲಿ ಇದ್ರೆ ನಾನು ಸುಮ್ಮನಿರುವುದಿಲ್ಲ," ಎಂದರಂತೆ. ಅಂಗಡಿಯಿಂದ ಒಂದು ಕತ್ತರಿ ತಂದು, ಒಂದೊಂದು ಕೊಂಬೆಗೆ ಒಂದೇ ಏಟು ಹಾಕಿ ಕೆಳಗಿಳಿದರು. ಈ ಸಲವೂ ನೀರು ತೊಟ್ಟಿಕ್ಕಿತು, ಮೊದಲಿನಷ್ಟಲ್ಲ. ಇವರು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅದನ್ನು ನೋಡುತ್ತಾ ನಿಂತರು. ಮರುದಿನವೂ ನಿಂತರು. ಅದಾಗಿಯೇ ನಿಲ್ಲುವ ತನಕ ಮುಟ್ಟಬಾರದು ಎಂದು ತಮಗೆ ತಾವೇ ಹೇಳಿಕೊಳ್ಳುವುದು ಕೆಳಗಿದ್ದ ನನಗೆ ಕೇಳಿಸುತ್ತಿತ್ತು.

ಮತ್ತೆ ಚಿಗುರು ಬಂತು, ಈ ಸಲ ಬೇಗನೆ. ಒಂದೊಂದು ಮೋಟಿನಲ್ಲಿ ಮೂರು ನಾಲ್ಕು ಚಿಗುರು. ಒಂದನ್ನು ಉಳಿಸಿ ಬಾಕಿಯದನ್ನು ಉಗುರಿನಿಂದ ಚಿವುಟಬೇಕು. ಉಳಿಸಿದ್ದು ಮೊಣಕೈಯುದ್ದ ಬೆಳೆದ ಮೇಲೆ ಅದರ ತಲೆಯನ್ನೂ ಮುರಿಯಬೇಕು, ಇಲ್ಲವಾದರೆ ಅದು ಕಣ್ಣು ತುಂಬಿಕೊಳ್ಳುವುದನ್ನು ಬಿಟ್ಟು ಓಡುತ್ತಲೇ ಇರುತ್ತದೆ. ಇವರು ಚಿವುಟಿದ ಚಿಗುರುಗಳನ್ನು ಬಿಸಾಡಲಾರದೆ ಅಂಗಿಯ ಜೇಬಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ನಾನು ಅಂಗಿ ಮೂಸುವಾಗ ಹಸಿರು ಹುಳಿ ವಾಸನೆ. ಅದನ್ನು ಕೂಡಾ ನಂಬಲಿಲ್ಲ. ಶಾಲೆಯಲ್ಲಿ ಸಂಧಿ ಸಮಾಸ ಹೇಳಿಕೊಡುತ್ತಾ ಮನಸ್ಸಿನಲ್ಲಿ ಚಪ್ಪರದ ಕೆಳಗೆ ತಿರುಗುತ್ತಿದ್ದೆ. ಬಸ್ಸು ಒಂದು ಕ್ಷಣ ಹೆಚ್ಚು ನಿಂತರೆ ಕಂಡಕ್ಟರನ ಮೇಲೆ ಹರಿಹಾಯುತ್ತಿದ್ದೆ. ಬಳ್ಳಿ ಚೆನ್ನಾಗಿ ಬಂದಷ್ಟೂ ನನ್ನ ಹೆದರಿಕೆಯೂ ಚೆನ್ನಾಗಿ ಬೆಳೆಯಿತು.

ಮಳೆಗೆ ಮೊದಲು ಚಪ್ಪರದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿದರು. ಮಳೆ ಮುಗಿದ ಮೇಲೆ ಹಗುರ ಚಾಟ್ನಿ ಮಾಡಿದರು. ಹೂ ಬಂತು, ಕಾಳಿನಷ್ಟು ಕಾಯಿ ಬಂತು. ಅರ್ಧಕ್ಕರ್ಧ ಗೊಂಚಲನ್ನು ಇವರೇ ಕತ್ತರಿಸಿ ತೆಗೆದರು. ಇದ್ದದ್ದನ್ನೆಲ್ಲ ಇಟ್ಟುಕೊಂಡರೆ ಯಾವುದೂ ಸರಿಯಾಗಿ ಹಣ್ಣಾಗುವುದಿಲ್ಲವಂತೆ. ಮಾರ್ಚಿನ ಸೆಕೆಯಲ್ಲಿ ನಾವು ಬೆವರಿ ಒದ್ದೆಯಾಗಿ ಕೂತಿರುವಾಗ ಆ ಹಣ್ಣುಗಳು ಮಾತ್ರ ಕಪ್ಪಗಾಗುತ್ತಾ, ಮೇಲೆ ಬೂದಿ ಎರಚಿದಂತೆ ಹೊಗೆಬಣ್ಣ ತಳೆಯುತ್ತಾ ಬಂದವು. ನಾನು ಒಂದು ತಿಂದೆ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಲು ಬಾಯಿ ಬರಲಿಲ್ಲ.

ಬಾಯಮ್ಮನಿಗೆ ನಾನು ಒಂದು ಷರತ್ತು ಹಾಕಿದೆ. ಏನು ಮಾಡುವುದಿದ್ದರೂ ನಿಮ್ಮ ಅಡುಗೆಮನೆಯಲ್ಲೇ, ಒಂದು ಚಮಚವೂ ನಮ್ಮ ಗೇಟಿನ ಒಳಗೆ ಬರಬಾರದು. ಇವರೂ ಒಂದು ಷರತ್ತು ಹಾಕಿದರು. ಚಕ್ಕೆ ಲವಂಗ ಯಾವುದೂ ಬೇಡ, ಸಕ್ಕರೆ ಆದಷ್ಟು ಕಡಿಮೆ, ಹಣ್ಣಿನ ರುಚಿ ಹಣ್ಣಿನದೇ ಇರಲಿ. ಬಾಯಮ್ಮ, "ಗಂಡ ಹೆಂಡತಿ ಸೇರಿ ನನಗೆ ಪರೀಕ್ಷೆ ಇಟ್ಟಿದ್ದೀರಿ," ಎಂದು ನಗಾಡಿದರು. ಇವರು ದಿನವೂ ಕಂಪೌಂಡಿನ ಹತ್ತಿರ ಹೋಗಿ ಭರಣಿಯ ಯೋಗಕ್ಷೇಮ ವಿಚಾರಿಸುತ್ತಿದ್ದರು, ಆದರೆ ಆಚೆಗೆ ಕಾಲಿಡಲಿಲ್ಲ. ನಾನು ಬೇಳೆ ತೊಳೆಯುವ ನೆಪದಲ್ಲಿ ಕಿಟಕಿಯಲ್ಲೇ ಇರುತ್ತಿದ್ದೆ.

ಮಳೆ ಹಿಡಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಬಾಯಮ್ಮ ಕೊಡೆ ಹಿಡಿದುಕೊಂಡು ಬಂದರು. ಸೆರಗಿನಡಿಯಿಂದ ಒಂದು ಬಾಟಲಿ ತೆಗೆದು ಊಟದ ಮೇಜಿನ ಮೇಲಿಟ್ಟರು.

"ಟೀಚರೇ, ನಿಮ್ಮ ಮಾತು ಮೀರಿದ್ದಕ್ಕೆ ಬೈಯಿರಿ. ಆದ್ರೆ ಇದರ ಹಣ್ಣು ಬೆಳೆದವರ ಮನೆಗೆ ಕೊಡದೆ ನಾನು ಹೇಗೆ ಕುಡಿಯುವುದು? ಕುಡಿಯಬೇಡಿ, ಕಣ್ಣಲ್ಲಿ ಆದ್ರೂ ನೋಡಿ." ಹೀಗೆಂದು ಕೂರದೆ ಹೊರಟು ಹೋದರು.

ಬಾಟಲಿಯಲ್ಲಿದ್ದದ್ದು ಕಡು ಕೆಂಪು, ಅಂಚಿನಲ್ಲಿ ನೇರಳೆ. ಇವರು ಅದರ ಎದುರು ಕುರ್ಚಿಯಲ್ಲಿ ಕೂತರು. ನಾನು ನಿಂತೇ ಇದ್ದೆ. ಬಾಟಲಿಯನ್ನು ಎತ್ತಿ ಸಿಂಕಿಗೆ ಸುರಿಯಲು ಎರಡು ಹೆಜ್ಜೆ ಸಾಕಿತ್ತು, ಕೈ ಬರಲಿಲ್ಲ. ಇವರು ಎದ್ದು ಒಂದು ಸ್ಟೀಲಿನ ಲೋಟ ತಂದರು, ಮುಚ್ಚಳ ತೆಗೆದರು. ವಾಸನೆ ನನ್ನ ತನಕ ಬಂತು. ಇಷ್ಟು ವರ್ಷ ನಾನು ಮನೆಯ ಮೂಲೆ ಮೂಲೆಯಲ್ಲಿ ಹುಡುಕಿದ ವಾಸನೆ ಈಗ ನಮ್ಮ ಮೇಜಿನ ಮೇಲೆ, ಹಾಡೇ ಹಗಲು. ಇವರು ಲೋಟಕ್ಕೆ ಎರಡು ಬೆರಳಿನಷ್ಟು ಸುರಿದರು.

ಲೋಟವನ್ನು ನನ್ನ ಕಡೆಗೆ ಸರಿಸಿದರು.

"ನೀನು ಕುಡಿದು ಹೇಳು," ಎಂದರು. "ನನಗೆ ಗೊತ್ತಾಗಬೇಕು, ಆ ಎಪ್ರಿಲಿನಲ್ಲಿ ನಾನು ಮಾಡಿದ್ದು ಸರಿ ಆಯ್ತಾ ಅಂತ. ಬಾಯಮ್ಮ ಚೆನ್ನಾಗಿಲ್ಲ, ಚೆನ್ನಾಗಿ ಉಂಟು, ಎರಡೇ ಹೇಳುವುದು. ನೀನು ಕನ್ನಡ ಟೀಚರಲ್ವಾ."

ನಾನು ಜೀವಮಾನದಲ್ಲಿ ಮದ್ಯ ಮುಟ್ಟಿದವಳಲ್ಲ. ಅದರ ಮೇಲಿನ ಹಗೆಯಲ್ಲೇ ಅರ್ಧ ಆಯುಷ್ಯ ಕಳೆದವಳು. ಆದರೆ ಇವರ ಮುಖದಲ್ಲಿ ಆಗ ಇದ್ದದ್ದು, ರಿಸಲ್ಟಿಗೆ ಕಾಯುವ ನನ್ನ ಹತ್ತನೆಯ ಕ್ಲಾಸಿನ ಮಕ್ಕಳ ಮುಖದಲ್ಲಿರುವುದೇ. ನಾನು ಕೂತು ಒಂದು ಗುಟುಕು ಕುಡಿದೆ.

"ಮೊದಲು ಎಂತ ಬಂತು?"

"ಹುಳಿ."

"ಕಚ್ಚುವ ಹುಳಿಯಾ?"

"ಅಲ್ಲ. ಪುನರ್ಪುಳಿ ಶರಬತ್ತಿನ ಹಾಗೆ, ಹಿತ ಉಂಟು. ಆಮೇಲೆ ಹಣ್ಣಿನ ಸಿಹಿ. ಸಕ್ಕರೆಯದ್ದಲ್ಲ."

"ನೀರು ನೀರು?"

"ಇಲ್ಲ. ದಪ್ಪ ಉಂಟು. ನಾಲಿಗೆಯ ಮೇಲೆ ನಿಲ್ತದೆ. ಈಗ ಸ್ವಲ್ಪ ಒಗರು, ಹಲ್ಲಿನ ಹತ್ತಿರ."

"ಎಷ್ಟು ಹೊತ್ತು ನಿಲ್ತದೆ? ಈಗಲೂ ಉಂಟಾ?"

"ಈಗಲೂ ಉಂಟು."

ಇವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನನ್ನ ಒಂದೊಂದು ಮಾತಿಗೂ ಇವರ ಗಂಟಲು ಏರಿ ಇಳಿಯಿತು. ಹೇಳುವುದು ಮುಗಿಯಿತು, ಇನ್ನು ನನ್ನಲ್ಲಿ ಪದ ಇರಲಿಲ್ಲ. ಆಗ ನನಗೆ ಒಂದು ವಿಷಯ ಗೊತ್ತಾಯಿತು. ಇನ್ನೊಂದು ಗುಟುಕು ಬೇಕೆನಿಸುತ್ತಿತ್ತು. ಹೇಳಲಿಕ್ಕಲ್ಲ, ಸುಮ್ಮನೆ, ನನಗೆ ಬೇಕೆಂದು. ನನ್ನ ಕೈ ಲೋಟದ ಹತ್ತಿರ ಹೋಗಿಯೂ ಇತ್ತು. ಒಂದೇ ಗುಟುಕಿಗೆ ನನಗೆ ಹೀಗಾಗುವುದಾದರೆ, ಎದುರಿಗೆ ಕೂತ ಈ ಮನುಷ್ಯ ಇಷ್ಟು ವರ್ಷ ದಿನದಲ್ಲಿ ಎಷ್ಟು ಸಲ ಈ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿರಬೇಕು. ಅವರು ಕೈ ಹಿಂದಕ್ಕೆ ತೆಗೆದ ಎಲ್ಲ ಸಲವೂ ನಾನು ಅವರ ಬೈರಾಸು ಮೂಸುತ್ತಿದ್ದೆ. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ.

"ಎಂತ ಆಯ್ತು? ಚೆನ್ನಾಗಿಲ್ವಾ?" ಇವರು ಗಾಬರಿಯಿಂದ ಕಣ್ಣು ತೆರೆದರು.

"ತುಂಬ ಚೆನ್ನಾಗಿ ಉಂಟು," ಎಂದೆ.

ಇವರು ಲೋಟ ತೊಳೆಯಲು ಕೈ ಚಾಚಿದರು. ಅದರ ತಳದಲ್ಲಿ ಇನ್ನೂ ಉಳಿದಿತ್ತು. ನೀವು ಇಲ್ಲೇ ಕೂತಿರಿ ಎಂದು ಹೇಳಿ, ಲೋಟವನ್ನೂ ಬಾಟಲಿಯನ್ನೂ ಎತ್ತಿಕೊಂಡು ಬಾಟಲಿ ಹಿಂದಕ್ಕೆ ಕೊಡಲು ನಾನು ಮಳೆಯಲ್ಲೇ ಬಾಯಮ್ಮನ ಮನೆಗೆ ಹೋದೆ.